ಬರ್ಫಿ ತಿಂದದ್ದು ಶ್ರೀಕಂಠಯ್ಯ

ನಮ್ಮ ಕಚೇರಿಯಲ್ಲಿ ತಡವಾಗಿ ಬರುವವರನ್ನು ಕಂಡರೆ ಎಲ್ಲರಿಗಿಂತ ಹೆಚ್ಚು ಸಿಟ್ಟಾಗುತ್ತಿದ್ದವರು ಎಲ್ಲರಿಗಿಂತ ತಡವಾಗಿ ಬರುತ್ತಿದ್ದ ನಮ್ಮ ಸೆಕ್ಷನ್ ಆಫೀಸರು. ಹನ್ನೊಂದು ಗಂಟೆ ದಾಟಿದ ಮೇಲೆ ಸ್ಕೂಟರ್ ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದು, ಖಾಲಿ ಇರುವ ನಾಲ್ಕಾರು ಕುರ್ಚಿಗಳತ್ತ ಕೈಚಾಚಿ, ಈ ದೇಶ ಉದ್ಧಾರವಾಗುವುದು ಹೇಗೆ ಎಂದು ಹಿಂದಿಯಲ್ಲಿ ಕೇಳುತ್ತಿದ್ದರು. ಆ ಕುರ್ಚಿಗಳವರು ಅಷ್ಟು ಹೊತ್ತಿಗೆ ಒಂದು ಸುತ್ತು ಕೆಲಸ ಮುಗಿಸಿ ಚಹಾ ಕುಡಿಯಲು ಹೋಗಿರುತ್ತಿದ್ದರು. ಕಚೇರಿಯ ಎದುರಿನ ಪಾನ್ ಅಂಗಡಿಯಲ್ಲಿ ಇನ್ನೊಬ್ಬ ಮಹಾಶಯರು ಸಿಗುತ್ತಿದ್ದರು. ನಾಗಪುರದಲ್ಲಿ ಅಡಿಕೆ, ತಂಬಾಕು, ಸುಣ್ಣ ಕೂಡಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ತಿಕ್ಕಿ ತಿಕ್ಕಿ ಕೊಡುವ ಖರ್ರಾ ಎಂಬ ಪದಾರ್ಥವಿದೆ. ಅದನ್ನು ಬಾಯಿ ತುಂಬ ಹಾಕಿಕೊಂಡು, ರಸ ಚೆಲ್ಲಿಹೋಗದಂತೆ ಗದ್ದವನ್ನು ಆಕಾಶಕ್ಕೆತ್ತಿ, "ಲೋಗ್ ಬಹುತ್ ಗಂದೇ ಹೋ ಗಯೇ" ಎಂದು ಊರಿನ ಸ್ವಚ್ಛತೆಯ ಬಗ್ಗೆ ಮರುಗುತ್ತಿದ್ದರು. ಮರುಕ ಮುಗಿದ ಕೂಡಲೇ ಪಕ್ಕದ ಗೋಡೆಗೆ ಪಿಚಕ್ಕನೆ ಉಗುಳಿ ಹಗುರಾಗುತ್ತಿದ್ದರು. ಇನ್ನು ನನ್ನ ಹೆಂಡತಿಯ ದೂರದ ಚಿಕ್ಕಮ್ಮನೊಬ್ಬರು. ತಮ್ಮ ಪಕ್ಕದ ಮನೆಯಾಕೆ ಮಾತಿಗೆ ನಿಂತರೆ ಬಿಡುವುದೇ ಇಲ್ಲ, ಮನುಷ್ಯರಿಗೆ ಕೆಲಸ ಇರುತ್ತದೆ ಎಂಬ ಖಬರೇ ಇಲ್ಲ ಎಂಬ ಸಂಗತಿಯನ್ನು ನಮಗೆ ತಿಳಿಸಲು ಅವರು ಒಂದು ಮಧ್ಯಾಹ್ನವಿಡೀ ತೆಗೆದುಕೊಂಡರು. ಅದರಲ್ಲಿ ಅರ್ಧ ಹೊತ್ತು "ಬರ್ತೀನವಾ" ಎಂದು ಬಾಗಿಲು ಹಿಡಿದು ನಿಂತೇ ಹೇಳಿದ್ದು.

ಇಂಥವರನ್ನೆಲ್ಲ ನಾನು ಬಹಳ ಆನಂದದಿಂದ ಗಮನಿಸುತ್ತ ಬಂದವನು. ನಾಟಕ ನೋಡಲು ಮುಂದಿನ ಸಾಲಿನ ಕುರ್ಚಿ ಸಿಕ್ಕವನ ಆನಂದ ಅದು. ಮನೆಗೆ ಬಂದು ಅವರ ಹಾಗೆ ನಟಿಸಿ ತೋರಿಸಿ ಹೆಂಡತಿಯನ್ನು ನಗಿಸುತ್ತಿದ್ದೆ. ಆಕೆ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಆಮೇಲೆ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡುತ್ತಿದ್ದಳು. ಅದು ಮೆಚ್ಚುಗೆ ಎಂದು ನಾನು ತಿಳಿದಿದ್ದೆ.

ಈಗ ಶ್ರೀಕಂಠಯ್ಯನವರ ವಿಷಯಕ್ಕೆ ಬರಬೇಕು. ಅವರು ನಂಜನಗೂಡಿನ ಕಡೆಯವರು, ನಾನು ಗದಗಿನವನು. ಇಬ್ಬರೂ ಕೇಂದ್ರ ಸರ್ಕಾರದ ಒಂದೇ ಕಚೇರಿಗೆ ವರ್ಗವಾಗಿ ನಾಗಪುರಕ್ಕೆ ಬಂದು ಬಿದ್ದವರು. ಕ್ವಾರ್ಟರ್ಸಿನಲ್ಲಿ ಕೆಳಗಿನ ಮನೆ ನಮ್ಮದು, ಮೇಲಿನದು ಅವರದು. ಊರಲ್ಲೇ ಇದ್ದಿದ್ದರೆ ನಮ್ಮಿಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಅರ್ಧ ಮಾತ್ರ ತಿಳಿಯುತ್ತಿತ್ತೇನೋ. ಅಷ್ಟು ದೂರ ಬಂದ ಮೇಲೆ ಆ ಅರ್ಧವೇ ದೊಡ್ಡ ಬಂಧುತ್ವವಾಯಿತು. ಉಳಿದರ್ಧಕ್ಕೆ ಜಗಳವಿತ್ತು. ನನ್ನ ಕನ್ನಡ ಕೆಟ್ಟಿದೆ ಎಂಬುದು ಅವರ ಖಾಯಂ ತಕರಾರು. "ಕಟ್ಟಿಯವರೇ, ನೀವು ಮಾತಾಡೋದ್ರಲ್ಲಿ ಅರ್ಧ ಮರಾಠೀನೇ. ಬಿಲ್ಕುಲ್ ಸರಿಯಿಲ್ಲ. ಜರಾ ಶುದ್ಧ ಕನ್ನಡ ಮಾತಾಡೋ ಕೋಶಿಶ್ ಮಾಡಿ" ಎನ್ನುತ್ತಿದ್ದರು. "ನಂದು ಬರೋಬರ್ ಅದ. ನೀವೇ ಪೂರಾ ಹಿಂದಿ ಆಗೀರಿ" ಎಂದು ನಾನು ತಿರುಗೇಟು ಕೊಡುತ್ತಿದ್ದೆ. ನಮ್ಮಿಬ್ಬರ ಮಕ್ಕಳು ಅಲ್ಲೇ ಕೂತು, ಅಪ್ಪಂದಿರು ಯಾವ ಭಾಷೆಯ ಬಗ್ಗೆ ಜಗಳವಾಡುತ್ತಿದ್ದಾರೆಂದು ಮರಾಠಿಯಲ್ಲಿ ಚರ್ಚಿಸುತ್ತಿದ್ದವು. ಅಂದಹಾಗೆ ನನ್ನ ಅಡ್ಡಹೆಸರು ಆ ಊರಿನ ಮಕ್ಕಳಿಗೆ ಒಂದು ದೊಡ್ಡ ತಮಾಷೆ. ನಾವು ಚಿಕ್ಕಂದಿನಲ್ಲಿ ಕಿರುಬೆರಳು ತೋರಿಸಿ ಠೂ ಬಿಡುತ್ತಿದ್ದೆವಲ್ಲ, ಅದಕ್ಕೆ ಮರಾಠಿ ಮಕ್ಕಳು 'ಕಟ್ಟಿ' ಎನ್ನುತ್ತಾರೆ. ಬಾಗಿಲ ಮೇಲಿನ ಫಲಕ ಓದಿದ ಪ್ರತಿ ಮಗುವೂ, ಈ ಕಾಕಾ ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂದು ಕೇಳಿಯೇ ಮುಂದೆ ಹೋಗುತ್ತಿತ್ತು.

ತೊಂದರೆ ಶುರುವಾದದ್ದು ಕಚೇರಿಯಲ್ಲಿ ನಡೆದ ಆರೋಗ್ಯ ತಪಾಸಣೆಯಿಂದ. ಬಿಟ್ಟಿ ತಪಾಸಣೆ ಎಂದರೆ ನಮ್ಮವರಿಗೆ ಎಲ್ಲಿಲ್ಲದ ಉತ್ಸಾಹ. ಬೇನೆ ಇಲ್ಲದವರೂ ಸಾಲುಗಟ್ಟಿ ನಿಂತು ರಕ್ತ ಕೊಟ್ಟೆವು. ಮುಂದಿನ ವಾರ ಡಾಕ್ಟರ್ ಬಾಯಿ, ಅಂದರೆ ಲೇಡಿ ಡಾಕ್ಟರು, ನನ್ನನ್ನೂ ಶ್ರೀಕಂಠಯ್ಯನವರನ್ನೂ ಒಟ್ಟಿಗೇ ಕರೆದು, ಕನ್ನಡಕದ ಮೇಲಿಂದ ನೋಡಿ, "ದೋನೋಂಕಾ ಶುಗರ್ ಬಾರ್ಡರ್ ಪೇ ಹೈ. ಆಜ್ ಸೇ ಮೀಠಾ ಬಂದ್, ಚಲ್ನಾ ಚಾಲೂ" ಎಂದು ತೀರ್ಪು ಕೊಟ್ಟರು. ಗಡಿಯಲ್ಲಿ ನಿಂತಿದ್ದೇವೆ, ಇನ್ನೂ ದಾಟಿಲ್ಲ ಎಂದು ನಾವು ಸಮಾಧಾನ ಮಾಡಿಕೊಂಡು ಹೊರಗೆ ಬಂದೆವು. ಮನೆಯಲ್ಲಿ ಮಾತ್ರ ಯುದ್ಧವೇ ಘೋಷಣೆಯಾಯಿತು. ಸಕ್ಕರೆಯ ಡಬ್ಬಿ ಮೇಲಿನ ಮಾಡಕ್ಕೆ ಹೋಯಿತು. ಬೆಲ್ಲ ಎಲ್ಲಿಗೆ ಹೋಯಿತೋ ಇಂದಿಗೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಇಬ್ಬರೂ ಕೂಡಿಯೇ ವಾಕಿಂಗ್ ಹೋಗಬೇಕೆಂದು ಇಬ್ಬರ ಹೆಂಡಿರೂ ಕೂಡಿ ನಿರ್ಧರಿಸಿದರು.

ಇಷ್ಟಕ್ಕೇ ನಿಲ್ಲಲಿಲ್ಲ. ಒಂದು ಸಂಜೆ ನಾನು ನೀರಿನ ಮೋಟಾರು ಹಾಕಲು ಹೋದಾಗ ಶ್ರೀಕಂಠಯ್ಯನವರ ಹೆಂಡತಿ ಲಲಿತಾ ಮೆಟ್ಟಿಲ ಬಳಿ ನಿಲ್ಲಿಸಿ ತಗ್ಗಿದ ದನಿಯಲ್ಲಿ, "ಕಟ್ಟಿಯವರೇ, ಇವರು ಹೊರಗಡೆ ಏನು ತಿಂತಾರೋ ನಂಗೆ ಗೊತ್ತಾಗಲ್ಲ. ಕೇಳಿದ್ರೆ ದೇವರಾಣೆ ಅಂತಾರೆ. ನಿಮ್ಮ ಕಣ್ಣಿಗೆ ಏನಾದ್ರೂ ಬಿದ್ರೆ ನಂಗೊಂದು ಮಾತು ಹೇಳಿ" ಎಂದರು. ನನ್ನ ಎದೆ ಉಬ್ಬಿತು. ಇಷ್ಟು ವರ್ಷದ ನೌಕರಿಯಲ್ಲಿ ಸರ್ಕಾರವೂ ನನ್ನ ಮೇಲೆ ಇಷ್ಟು ನಂಬಿಕೆ ಇಟ್ಟಿರಲಿಲ್ಲ. "ಚಿಂತೀ ಮಾಡಬ್ಯಾಡ್ರಿ ವೈನಿ. ಅದು ನನ್ನ ಜವಾಬ್ದಾರಿ" ಎಂದೆ. ಸರಿಸುಮಾರು ಅದೇ ಹೊತ್ತಿಗೆ ನನ್ನ ಹೆಂಡತಿ ಶಕುಂತಲಾ ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತ, "ಶ್ರೀಕಂಠಯ್ಯನವರ, ಇವರ ಮ್ಯಾಲ ಜರಾ ಲಕ್ಷ ಇಡ್ರಿ. ಇವರಿಗೆ ನಾಲಿಗಿ ಮ್ಯಾಲ ಹಿಡಿತ ಇಲ್ಲ" ಎಂದು ಅವರನ್ನೂ ನೇಮಿಸಿಕೊಂಡಿದ್ದಳಂತೆ. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ನನ್ನ ಮೊದಲ ವರದಿಗೆ ಕಾರಣವಾದದ್ದು ಪೇಢೆ. ಕಚೇರಿಯಲ್ಲಿ ಒಬ್ಬರಿಗೆ ಬಡ್ತಿ ಬಂದು ಡಬ್ಬಿ ತಿರುಗಿತು. ಶ್ರೀಕಂಠಯ್ಯ ಎರಡು ಪೇಢೆ ಎತ್ತಿಕೊಂಡರು. ಒಂದನ್ನು ಎಲ್ಲರೆದುರು, ಇನ್ನೊಂದನ್ನು ಕಪಾಟಿನ ಮರೆಗೆ ನಿಂತು ತಿಂದರು. ಕಪಾಟಿನ ಮರೆಯಲ್ಲಿ ತಿಂದದ್ದು ನನಗೆ ಹೇಗೆ ಕಂಡಿತೆಂದರೆ, ಅಲ್ಲಿ ನಾನು ಮೊದಲೇ ನಿಂತಿದ್ದೆ. ಸಂಜೆ ಲಲಿತಾ ವೈನಿಗೆ ಎಲ್ಲವನ್ನೂ ಹೇಳಿದೆ. ಆ ಮನುಷ್ಯನಿಗೆ ಸಂಯಮವೆಂಬುದೇ ಇಲ್ಲ, ಡಾಕ್ಟರು ಹೇಳಿ ಇನ್ನೂ ಒಂದು ವಾರವಾಗಿಲ್ಲ, ಅದೂ ಏಲಕ್ಕಿ ಜಾಸ್ತಿ ಹಾಕಿದ, ಹಲ್ಲಿಗೆ ಅಂಟುವಂಥ ಪೇಢೆ ಎಂದು ಸವಿಸ್ತಾರವಾಗಿ ವರ್ಣಿಸಿದೆ. ಅವರು ಗಂಭೀರವಾಗಿ ತಲೆಯಾಡಿಸಿ, "ಹೌದಾ? ಹೇಳಿದ್ದು ಒಳ್ಳೇದಾಯ್ತು" ಎಂದರು. ಒಂದು ಸತ್ಕಾರ್ಯ ಮಾಡಿದ ತೃಪ್ತಿಯಿಂದ ಮನೆಗೆ ಬಂದು ಕೂತೆ. ಹೆಂಡತಿ ಚಹಾ ತಂದಳು. ಒಂದು ಗುಟುಕು ಕುಡಿದವನು ಕಪ್ಪಿನೊಳಗೆ ಇಣುಕಿದೆ. ಅಲ್ಲಿಯವರೆಗೆ ನನಗೆ ಅರ್ಧ ಚಮಚ ಸಕ್ಕರೆಗೆ ಪರವಾನಗಿ ಇತ್ತು.

"ಸಕ್ರೀ ಮರ್ತಿ ಏನ?" ಎಂದೆ.

"ಮರ್ತಿಲ್ಲ. ಇವತ್ತಿಂದ ಹಾಕೂದಿಲ್ಲ."

"ಯಾಕ?"

"ಮ್ಯಾಲಿನವರು ಪೇಢೆ ತಿಂದಾರಂತಲ್ಲ."

"ತಿಂದವ್ರು ಅವರು! ಸಪ್ಪನ ಚಾ ನನಗ್ಯಾಕ?"

"ನೀವೂ ಹಂಗ ಆಗಬಾರದಲ್ಲ, ಅದಕ್ಕ" ಎಂದು ಆಕೆ ಒಳಗೆ ಹೋದಳು.

ಇದರಲ್ಲಿ ನ್ಯಾಯ ಎಲ್ಲಿದೆ ಎಂದು ನಾನು ಬಹಳ ಹೊತ್ತು ಹುಡುಕಿದೆ. ಅಷ್ಟರಲ್ಲಿ ಮೇಲಿನ ಮನೆಯಿಂದ ತುಪ್ಪದಲ್ಲಿ ದ್ರಾಕ್ಷಿ ಗೋಡಂಬಿ ಹುರಿಯುವ ಘಮ ಇಳಿದು ಬಂತು. ತಿಂದವರಿಗೆ ಪಾಯಸ, ಹೇಳಿದವನಿಗೆ ಸಪ್ಪೆ ಚಹಾ! ಲಲಿತಾ ವೈನಿ ಬಹಳ ಸಾಧು ಹೆಂಗಸು, ಗಂಡನನ್ನು ಗದರಿಸಲು ಬಾರದು, ನಾನೇ ಇನ್ನಷ್ಟು ಬಿಗಿಯಾಗಿ ವರದಿ ಮಾಡಬೇಕು ಎಂದು ತೀರ್ಮಾನಿಸಿದೆ.

ಮಾಡಿದೆ ಕೂಡ. ಬೆಳಗಿನ ವಾಕಿಂಗಿನ ಹಾದಿಯಲ್ಲಿ ಒಂದು ಪೋಹೆಯ ಗಾಡಿ ನಿಲ್ಲುತ್ತಿತ್ತು. ಪೋಹೆ ಎಂದರೆ ನಮ್ಮ ಒಗ್ಗರಣೆ ಅವಲಕ್ಕಿಯೇ. ಆದರೆ ನಾಗಪುರದವರು ಅದರ ಮೇಲೆ ತರ್ರಿ ಎಂದು ಕಡಲೆ ಹಾಕಿದ ಕೆಂಪನೆಯ ಸಾರು ಸುರಿಯುತ್ತಾರೆ. ಆ ತರ್ರಿ ಗಂಟಲಿಳಿದಾಗ ಕಿವಿಯಲ್ಲಿ ಶಿಳ್ಳೆ ಹೊಡೆದಂತಾಗುತ್ತದೆ. ಹಾಗಾದಾಗ ಒಂದು ಜಿಲೇಬಿ ಬಾಯಿಗೆ ಹಾಕಿಕೊಳ್ಳುವುದು ಚಪಲವಲ್ಲ, ಪ್ರಥಮ ಚಿಕಿತ್ಸೆ. ನನ್ನ ವಿಷಯದಲ್ಲಿ ಅದು ಚಿಕಿತ್ಸೆಯೇ ಆಗಿತ್ತು. ಶ್ರೀಕಂಠಯ್ಯನವರದ್ದು ಮಾತ್ರ ಶುದ್ಧ ಚಪಲ. ಅವರು ತಿನ್ನುವ ರೀತಿ ನೋಡಿದರೇ ತಿಳಿಯುತ್ತಿತ್ತು. ಒಂದೇ ತಟ್ಟೆಯಿಂದ ತಿನ್ನುತ್ತಿದ್ದರಿಂದ ನಾನು ಬಹಳ ಹತ್ತಿರದಿಂದ ನೋಡಿದ್ದೇನೆ. ಇದನ್ನು ಹೇಳಿದ ದಿನ ನಮ್ಮ ಮನೆಯಲ್ಲಿ ಹಾಗಲಕಾಯಿ ರಸ ಶುರುವಾಯಿತು. ಶ್ರೀಕಂಠಯ್ಯ ಕ್ಯಾಂಟೀನಿನಲ್ಲಿ ಗುಲಾಬ್ ಜಾಮೂನಿನ ಪಾಕವನ್ನೂ ಬಿಡದೆ ಕುಡಿದರೆಂದು ಹೇಳಿದ ದಿನ, ರಾತ್ರಿಯ ಅನ್ನ ಹೋಗಿ ಜೋಳದ ಒಣ ರೊಟ್ಟಿ ಬಂತು. ಹಬ್ಬಕ್ಕೆ ಮಾಡಿದ ಶಿರಾ ಎಲ್ಲರ ತಟ್ಟೆಗೂ ಬಂದು, ನನ್ನ ತಟ್ಟೆಯ ಹತ್ತಿರ ತುಸು ತಡೆದು, ಮುಂದೆ ಹೋಯಿತು.

ನಾನು ಸೊರಗಿದೆ. ಪ್ಯಾಂಟು ಸಡಿಲಾಯಿತು. ವಿಚಿತ್ರವೆಂದರೆ ಶ್ರೀಕಂಠಯ್ಯನವರೂ ಸೊರಗುತ್ತಿದ್ದರು. ಒಂದು ದಿನ ಕಚೇರಿಯಲ್ಲಿ ಅವರ ಡಬ್ಬಿ ತೆರೆದಾಗ ನೋಡಿದರೆ, ಮೊಳಕೆ ಬಂದ ಹೆಸರುಕಾಳು, ಸೌತೆಕಾಯಿ, ಅಷ್ಟೇ. "ಏನು ಅನ್ಯಾಯ ಕಟ್ಟಿಯವರೇ! ತಿನ್ನೋರು ಒಬ್ಬರು..." ಎಂದು ಶುರು ಮಾಡಿ, ನನ್ನನ್ನು ನೋಡಿ, ಥಟ್ಟನೆ ಬಾಯಿ ಮುಚ್ಚಿಕೊಂಡರು. "ಹೌದ್ರಿ, ಅನುಭವಿಸೋರು ಒಬ್ಬರು..." ಎಂದು ನಾನೂ ತೊಡಗಿ ಅಲ್ಲೇ ನುಂಗಿಕೊಂಡೆ. ಇಬ್ಬರೂ ತಲೆ ತಗ್ಗಿಸಿ ಹೆಸರುಕಾಳು ಅಗಿದೆವು.

ಹೀಗಿರುವಾಗ ಚಳಿಗಾಲ ಬಂತು. ನಾಗಪುರದಲ್ಲಿ ಚಳಿಗಾಲವೆಂದರೆ ಕಿತ್ತಳೆ. ಅಲ್ಲಿಯವರು ಸಂತ್ರಾ ಎನ್ನುತ್ತಾರೆ. ಬೀದಿಬೀದಿಯಲ್ಲಿ ಗುಡ್ಡೆ ಹಾಕಿ ಮಾರುವ ಹಣ್ಣಿಗೆ ನಮಗೆ ಅನುಮತಿ ಇತ್ತು. ಕಷ್ಟವೆಂದರೆ ಆ ಹಣ್ಣಿನಿಂದ ಅಲ್ಲಿಯ ಮಿಠಾಯಿಯವರು ಸಂತ್ರಾ ಬರ್ಫಿ ಮಾಡುತ್ತಾರೆ. ಮಹಾಲ್‌ನ ಎಂದರೆ ಊರ ಹಳೇ ಪೇಟೆಯ ಇಕ್ಕಟ್ಟಾದ ಓಣಿಯೊಂದರಲ್ಲಿ, ಹಳೆಯ ವಾಡೆಯ ಕೆಳಗೆ, ಹೊರಗಿನಿಂದ ಅಂಗಡಿಯೆಂದೇ ಅನ್ನಿಸದ ಒಂದು ಅಂಗಡಿಯಲ್ಲಿ ಮಾಡುವ ಬರ್ಫಿಯನ್ನು ಒಮ್ಮೆ ತಿಂದವರು ನಿದ್ದೆಯಲ್ಲೂ ಚಪ್ಪರಿಸುತ್ತಾರೆ. ಹುಳಿಯ ಒಂದು ಸಣ್ಣ ಚುರುಕು ಮೊದಲು, ಆಮೇಲೆ ಖೋವಾ, ಕೊನೆಗೆ ಸಿಪ್ಪೆಯ ಒಂದೆಳೆ ಕಹಿ. ಆ ಕಹಿಗಾದರೂ ಅದನ್ನು ಔಷಧಿಯ ಲೆಕ್ಕಕ್ಕೆ ಸೇರಿಸಬಹುದಿತ್ತು.

ಒಂದು ಭಾನುವಾರ ಬೆಳಿಗ್ಗೆ ಮಿಕ್ಸರಿನ ಜಾರಿನಲ್ಲಿ ಬ್ಲೇಡು ಸಡಿಲಾಗಿದೆ ಎಂದು ಹೆಂಡತಿ ಗೊಣಗಿದಳು. "ಮಹಾಲ್‌ನ್ಯಾಗ ಒಬ್ಬ ಛಲೋ ರಿಪೇರಿ ಮಾಡ್ತಾನ, ನಾ ಹೋಗಿ ಬರ್ತೀನಿ" ಎಂದು ನಾನು ಎದ್ದ ವೇಗ ಕಂಡು ಆಕೆಗೆ ಆಶ್ಚರ್ಯವಾಗಿರಬೇಕು. ಆ ಮಿಕ್ಸರು ಎರಡು ತಿಂಗಳಿಂದ ಹಾಗೆಯೇ ಇತ್ತು. ಶ್ರೀಕಂಠಯ್ಯನವರ ಭಯವೂ ಇರಲಿಲ್ಲ. ಊರಾಚೆಯ ಕಳಮೇಶ್ವರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ತಮ್ಮ ಷಡ್ಡಕನಿಗೆ ಮೈಯಲ್ಲಿ ಹುಷಾರಿಲ್ಲ, ನೋಡಿಕೊಂಡು ಬರಲು ಹೋಗುತ್ತೇನೆ, ಇವತ್ತು ವಾಕಿಂಗ್ ಇಲ್ಲ ಎಂದು ಹಿಂದಿನ ಸಂಜೆಯೇ ಹೇಳಿದ್ದರು. ಮಂಕಿಕ್ಯಾಪ್ ಹಾಕಿಕೊಂಡು, ಜಾರನ್ನು ಚೀಲದಲ್ಲಿಟ್ಟು, ಸ್ಕೂಟರ್ ಏರಿ ಹೊರಟೆ. ದಾರಿಯುದ್ದಕ್ಕೂ ಶ್ರೀಕಂಠಯ್ಯನವರ ಬಗ್ಗೆ ಕನಿಕರ ಪಡುತ್ತ ಹೋದೆ. ಪಾಪ, ಕಳಮೇಶ್ವರದಲ್ಲಿ ಏನು ಸಿಗುತ್ತದೆ?

ಅಂಗಡಿಯ ಒಳಭಾಗದಲ್ಲಿ, ಗೋಣಿಯ ಪರದೆಯ ಹಿಂದೆ, ತಿನ್ನುವವರಿಗೆ ಒಂದು ಬೆಂಚು ಇತ್ತು. ಬರ್ಫಿಯ ದೊನ್ನೆ ಹಿಡಿದು ಒಳಗೆ ಹೋದೆ. ಬೆಂಚಿನ ಆ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬರು ಕೂತಿದ್ದರು. ಅವರಿಗೂ ಮಂಕಿಕ್ಯಾಪ್, ಮೇಲೊಂದು ಮಫ್ಲರು. ಭಕ್ತಿಯಿಂದ ತಿನ್ನುತ್ತಿದ್ದರು. ನಾನೂ ನನ್ನ ಪಾಡಿಗೆ ಮೊದಲ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದೆ. ಆಗ ಆ ಮಂಕಿಕ್ಯಾಪ್ ಕೈಯೆತ್ತಿ ಅಂಗಡಿಯವನನ್ನು ಕರೆಯಿತು. "ಭಯ್ಯಾ, ಔರ್ ಥೋಡಾ ಕೊಡಿ... ದೇನಾ!"

ನಾಗಪುರದ ಯಾವ ಮಂಕಿಕ್ಯಾಪೂ 'ಕೊಡಿ' ಎನ್ನುವುದಿಲ್ಲ. ನಾನು ಕಣ್ಣು ತೆರೆದೆ.

"ಶ್ರೀಕಂಠಯ್ಯ! ಇದೇನ್ರಿ ನಿಮ್ಮ ಕಳಮೇಶ್ವರ?"

ಅವರು ಬೆಚ್ಚಿಬಿದ್ದು ತಿರುಗಿದರು. ಎರಡೂ ಕೆನ್ನೆ ಉಬ್ಬಿದ್ದವು. ನುಂಗಲು ಹೊತ್ತು ಬೇಕಾಯಿತು. ನುಂಗುತ್ತಲೇ ಅವರಿಗೆ ನನ್ನ ದೊನ್ನೆ ಕಂಡಿತು. ಮುಖದಲ್ಲಿ ಅಪರಾಧಿಯ ಕಳೆ ಹೋಗಿ ನ್ಯಾಯಾಧೀಶರ ಕಳೆ ಬಂತು.

"ನಾಚಿಕೆ ಆಗಲ್ವೇನ್ರೀ ಕಟ್ಟಿಯವರೇ? ಶುಗರ್ ಇಟ್ಕೊಂಡು ಯಾರಿಗೂ ಹೇಳದೆ ಇಷ್ಟು ದೂರ ಬಂದು ಕದ್ದು ತಿಂತಿದ್ದೀರಲ್ಲ! ಮನೇಲಿ ಆ ತಾಯಿ ನಿಮಗೋಸ್ಕರ ಹಾಗಲಕಾಯಿ ಹಿಂಡ್ತಾ ಕೂತಿದ್ದಾರೆ!"

"ನಾ ಮಿಕ್ಸರ್ ರಿಪೇರಿಗೆ ಬಂದೀನಿ!" ಎಂದು ಜಾರನ್ನು ಎತ್ತಿ ತೋರಿಸಿದೆ. "ನಿಮ್ಮಂಗ ಸುಳ್ಳ ಹೇಳಿ ಬಂದಿಲ್ಲ. ಷಡ್ಡಕರಿಗೆ ಹುಷಾರಿಲ್ಲ ಅಂತ, ಷಡ್ಡಕರಿಗೆ! ಇರೋ ಮನುಷ್ಯಾಗ ಬ್ಯಾನಿ ಹಚ್ಚಿ ಬರ್ಫಿ ತಿಂತೀರಿ?"

"ನಿಮ್ಮ ಬಾಯಲ್ಲೇನಿದೆ? ಮಿಕ್ಸರಾ?"

ಹೀಗೆ ಇಬ್ಬರೂ ಎದ್ದು ನಿಂತು, ಒಂದೊಂದು ಕೈಯಲ್ಲಿ ಒಂದೊಂದು ದೊನ್ನೆ ಹಿಡಿದು, ಸಂಯಮ, ಸತ್ಯ, ಸಂಸಾರದ ಹೊಣೆ ಎಂದು ಒಬ್ಬರಿಗೊಬ್ಬರು ಉಪದೇಶ ಮಾಡಿದೆವು. ಮಾತು ನಿಂತಾಗಲೆಲ್ಲ ಒಂದೊಂದು ತುಣುಕು ಬಾಯಿಗೆ ಹೋಗುತ್ತಿತ್ತು. ಗದ್ದಲ ಕೇಳಿ ಅಂಗಡಿಯವನು ಪರದೆ ಸರಿಸಿ ಒಳಗೆ ಬಂದ. ಅವನಿಗೆ ಕನ್ನಡದ ಗಂಧವಿಲ್ಲ. ಹೆದರಿ, "ಕ್ಯಾ ಹುವಾ ಸಾಬ್, ಬರ್ಫಿ ಖರಾಬ್ ಹೈ ಕ್ಯಾ?" ಎಂದು ಕೇಳಿದ. "ನಹೀ ನಹೀ! ಏಕ್ ನಂಬರ್ ಬರ್ಫಿ!" ಎಂದು ಇಬ್ಬರೂ ಒಂದೇ ಉಸಿರಿನಲ್ಲಿ ಹೇಳಿದೆವು. ಆ ಬೆಳಿಗ್ಗೆ ನಮಗೆ ಸಹಮತವಿದ್ದ ವಿಷಯ ಅದೊಂದೇ.

ಅವನು ಪರದೆಯಾಚೆ ಹೋದ. ಒಬ್ಬರ ಕಣ್ಣಲ್ಲಿ ಒಬ್ಬರಿಗೆ ಒಂದೇ ವಿಚಾರ ಕಂಡಿತು. ಮೊದಲು ಮನೆ ಮುಟ್ಟಿದವನ ಮಾತೇ ಸಾಕ್ಷಿ, ಎರಡನೆಯವನದು ಸಬೂಬು. ದೊನ್ನೆ ಬಿಸಾಡಿ ಇಬ್ಬರೂ ಪರದೆಗೆ ನುಗ್ಗಿದೆವು. ಅವರ ಮಫ್ಲರು ಗೋಣಿಗೆ ಸಿಕ್ಕಿಕೊಂಡದ್ದರಿಂದ ನಾನು ಮೊದಲು ಹೊರಗೆ ಬಿದ್ದೆ. ಆದರೆ ನನ್ನ ಸ್ಕೂಟರು ಚಳಿಗೆ ಮುನಿಸಿಕೊಳ್ಳುವ ಜಾತಿಯದು. ಅದನ್ನು ಒಂದು ಬದಿಗೆ ವಾಲಿಸಿ, ತುಸು ಹೊತ್ತು ಹಾಗೇ ಹಿಡಿದು, ನೆಟ್ಟಗೆ ಮಾಡಿ ಕಿಕ್ ಹೊಡೆಯಬೇಕು. ನಾನು ಅದನ್ನು ಓಲೈಸುತ್ತಿರುವಾಗ ಶ್ರೀಕಂಠಯ್ಯ ಮೊಪೆಡ್ ಹತ್ತಿ ಪಟಪಟನೆ ಹೊರಟೇಬಿಟ್ಟರು. ಓಣಿಯ ಬಾಯಲ್ಲಿ ಉಕ್ಕಿನ ಕಪಾಟು ಹೇರಿದ ಕೈಗಾಡಿಯೊಂದು ಅಡ್ಡ ನಿಂತಿರದಿದ್ದರೆ ಆ ದಿನದ ಕಥೆ ಬೇರೆಯೇ ಆಗುತ್ತಿತ್ತು. ಅಲ್ಲಿ ಅವರನ್ನು ಹಿಡಿದೆ. ಪಕ್ಕಪಕ್ಕದಲ್ಲೇ ನಿಂತು, ಇಬ್ಬರೂ ಮುಖ ಅತ್ತ ತಿರುಗಿಸಿ, ಕಪಾಟು ಸರಿಯುವುದನ್ನೇ ಕಾದೆವು. ದೊಡ್ಡ ರಸ್ತೆಗೆ ಬಂದ ಮೇಲೆ ಸಿಗ್ನಲಿನಲ್ಲಿ ನನ್ನ ಮುಂದಿನ ಚಕ್ರ ಅಂಗುಲದಷ್ಟು ಬಿಳಿ ಗೆರೆ ದಾಟಿತು. "ಕಾನೂನಿಗಾದ್ರೂ ಬೆಲೆ ಕೊಡಿ!" ಎಂದು ಶ್ರೀಕಂಠಯ್ಯ ಕೂಗಿದರು. ಕೂಗಲು ಅವರು ಹಿಂತಿರುಗಿ ನೋಡಬೇಕಾಯಿತು. ಅವರು ಚೌಕದ ನಡುವೆ ಇದ್ದರು.

ಕ್ವಾರ್ಟರ್ಸಿನ ಅಂಗಳದಲ್ಲಿ ಎಳೆಬಿಸಿಲಿಗೆ ಚಾಪೆ ಹಾಸಿಕೊಂಡು ನಮ್ಮಿಬ್ಬರ ಹೆಂಡಿರೂ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ಎರಡೂ ಗಾಡಿಗಳು ಒಟ್ಟಿಗೇ ಗೇಟಿನೊಳಗೆ ನುಗ್ಗಿದವು.

"ವೈನಿ, ಇವರು ಕಳಮೇಶ್ವರಕ್ಕ ಹೋಗೇ ಇಲ್ಲ!" ಎಂದು ನಾನು ಲಲಿತಾ ಅವರಿಗೆ.

"ಶಕುಂತಲಾ ಅವರೇ, ಇವರು ಮಿಕ್ಸರ್ ರಿಪೇರಿಗೆ ಹೋಗಿರಲಿಲ್ಲ!" ಎಂದು ಶ್ರೀಕಂಠಯ್ಯ ನನ್ನ ಹೆಂಡತಿಗೆ.

"ಎರಡನೇ ಸಲ ಬೇರೆ ತರಿಸ್ಕೊಂಡ್ರು!"

"ಉಪದೇಶ ಮಾಡ್ತಾನೇ ಚಪ್ಪರಿಸ್ತಿದ್ರು!"

ನನ್ನ ಹೆಂಡತಿ ಸೊಪ್ಪಿನಿಂದ ತಲೆಯೆತ್ತಲಿಲ್ಲ. "ಇಬ್ಬರೂ ಮೊದಲ ಮಾರಿ ಒರಸ್ಕೊಳ್ರಿ" ಎಂದಳು.

ಕೈ ತಾನಾಗಿ ಮೀಸೆಗೆ ಹೋಯಿತು. ಶ್ರೀಕಂಠಯ್ಯನವರಿಗೆ ಮೀಸೆಯಿಲ್ಲ. ಅವರ ಬರ್ಫಿ ಮಫ್ಲರಿನ ಮೇಲಿತ್ತು.

"ನೋಡಿದ್ರಾ ವೈನಿ?" ಎಂದು ನನ್ನ ಹೆಂಡತಿ ಲಲಿತಾ ಅವರ ಕಡೆ ತಿರುಗಿದಳು. "ಇನ್ನರ ಹೇಳಿಬಿಡೋಣೇನು?"

ಲಲಿತಾ ನಗು ತಡೆಯಲಾರದೆ ಸೊಪ್ಪಿನ ಮೊರವನ್ನೇ ಮುಖಕ್ಕೆ ಅಡ್ಡ ಹಿಡಿದರು. ಹೇಳಿದ್ದು ನನ್ನ ಹೆಂಡತಿ.

"ನೀವು ಮೊದಲ್ನೇ ದಿನ ಬಂದು ಇವರ ಮುಂದ ಪೇಢೆ ಸುದ್ದಿ ಹೇಳಿದ್ರಿ. ಅದಕ್ಕ ಏಲಕ್ಕಿ ಜಾಸ್ತಿ ಆಗಿತ್ತು, ಹಲ್ಲಿಗೆ ಅಂಟತಿತ್ತು ಅಂದ್ರಿ. ಹೌದಿಲ್ಲೋ? ದೂರ ನಿಂತು ನೋಡಿದವ್ರಿಗೆ ಏಲಕ್ಕಿ ಹ್ಯಾಂಗ ಗೊತ್ತಾಗ್ತದ್ರಿ? ವೈನಿಯಿಂದ ತಿಳಿದ ಕೂಡ್ಲೇ ನಿಮ್ಮ ಚಾದ ಸಕ್ರೀ ನಿಲ್ಲಿಸಿದೆ. ಮರುದಿನ ಶ್ರೀಕಂಠಯ್ಯನವರು ಬಂದು, ಕಟ್ಟಿಯವರು ಜಿಲೇಬಿ ತಿಂದ್ರು, ಬಿಸಿ ಇತ್ತು, ಆದ್ರ ಗರಿಗರಿ ಇರಲಿಲ್ಲ ಅಂದ್ರು. ಅವತ್ತೇ ನಾವಿಬ್ಬರೂ ಕೂತು ಠರಾವ್ ಮಾಡಿದ್ವಿ. ಯಾರು ಬಂದು ಚಾಡಿ ಹೇಳ್ತಾರ, ತಿಂದವ್ರು ಅವರೇ ಅಂತ ಹಿಡಿಯೂದು. ಹೇಳಿದವರ ಮನ್ಯಾಗ ಸಕ್ರೀ ಬಂದ್."

ನನ್ನ ಕಣ್ಣ ಮುಂದೆ ಸಪ್ಪೆ ಚಹಾ, ಹಾಗಲಕಾಯಿ ರಸ, ಜೋಳದ ಒಣ ರೊಟ್ಟಿ, ಮುಂದೆ ಹೋದ ಶಿರಾ ಎಲ್ಲ ಸಾಲಾಗಿ ಹಾದುಹೋದವು. ಪಕ್ಕದಲ್ಲಿ ಶ್ರೀಕಂಠಯ್ಯ ತುಟಿ ಅಲ್ಲಾಡಿಸುತ್ತಿದ್ದರು. ಬಹುಶಃ ಹೆಸರುಕಾಳಿನ ಡಬ್ಬಿಗಳ ಲೆಕ್ಕ ಹಾಕುತ್ತಿದ್ದರು.

"ಮತ್ತ ಮೊದಲೇ ಯಾಕ ಹೇಳಲಿಲ್ಲ?" ಎಂದೆ, ಉಳಿದಿದ್ದ ಅಷ್ಟಿಷ್ಟು ಗಾಂಭೀರ್ಯ ಕೂಡಿಸಿಕೊಂಡು.

"ಹೇಳಿದ್ರ ನೀವು ಚಾಡಿ ಹೇಳೂದು ಬಿಡ್ತಿದ್ರಿ. ಆಮ್ಯಾಲ ನಮಗ ಗೊತ್ತಾಗೂದು ಹ್ಯಾಂಗ?" ಎಂದಳು. ಆಮೇಲೆ ನನ್ನ ಬರಿಗೈ ನೋಡಿ, "ಜಾರ್ ಎಲ್ಲಿ?" ಎಂದಳು.

ಜಾರು ಬರ್ಫಿಯಂಗಡಿಯ ಬೆಂಚಿನ ಮೇಲೆ ಕೂತಿತ್ತು. ಅದನ್ನು ತರಲು ಇಬ್ಬರನ್ನೂ ಒಂದೇ ಸ್ಕೂಟರಿನಲ್ಲಿ ಕಳಿಸಿದರು. ಹೋಗುವಾಗ ಶ್ರೀಕಂಠಯ್ಯ ನನ್ನ ಬೆನ್ನ ಹಿಂದೆ ಕೂತು, "ಏನೇ ಹೇಳಿ ಕಟ್ಟಿಯವರೇ, ಈ ಹೆಂಗಸರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಹೋಗಿ ಹೇಳೋ ಚಟ ಜಾಸ್ತಿ" ಎಂದರು. "ಅಗದೀ ಖರೆ" ಎಂದೆ. ಅಂಗಡಿಯವನು ಜಾರನ್ನು ಒರೆಸಿ ಇಟ್ಟಿದ್ದ. ಅದರೊಳಗೆ ಪ್ರೀತಿಯಿಂದ ಎರಡು ತುಂಡು ಬರ್ಫಿಯನ್ನೂ ಹಾಕಿದ್ದ. ಆ ತುಂಡುಗಳು ಏನಾದವೆಂಬ ಬಗ್ಗೆ ನಾವಿಬ್ಬರೂ ಯಾರಿಗೂ ಯಾವ ವರದಿಯನ್ನೂ ಕೊಡಲಿಲ್ಲ.

ಗುಟ್ಟು ತಿಳಿದ ಮೇಲೆ ನಮ್ಮ ದಾರಿ ಸುಲಭವಾಯಿತೆಂದು ನಾವು ಭಾವಿಸಿದೆವು. ಇನ್ನು ಮುಂದೆ ಯಾರೂ ಯಾರ ಮೇಲೂ ದೂರು ಹೇಳುವುದು ಬೇಡ ಎಂದು ಪೋಹೆಯ ಗಾಡಿಯ ಮುಂದೆ ಕೈ ಮೇಲೆ ಕೈ ಇಟ್ಟು ಒಪ್ಪಂದ ಮಾಡಿಕೊಂಡೆವು. ಎರಡು ಮೂರು ದಿನ ಶಾಂತಿ ಇತ್ತು. ಆಮೇಲೆ ಹೆಂಡತಿ ಊಟಕ್ಕೆ ಬಡಿಸುತ್ತ, "ಏನು, ಶ್ರೀಕಂಠಯ್ಯನವರನ್ನ ಬೈದು ಭಾಳ ದಿನಾ ಆತಲ್ಲ? ಇಬ್ಬರೂ ಕೂಡಿ ಏನೋ ದೊಡ್ಡದೇ ತಿಂದಿರಬೇಕು" ಎಂದು ರೊಟ್ಟಿಯನ್ನೂ ಒಂದು ಕಡಿಮೆ ಮಾಡಿದಳು. ಮೇಲಿನ ಮನೆಯಲ್ಲೂ ಅದೇ ಗತಿ. ಸುಮ್ಮನಿದ್ದರೂ ಕಷ್ಟ, ಮಾತಾಡಿದರೂ ಕಷ್ಟ. ಕೊನೆಗೆ ಇಬ್ಬರೂ ಯೋಚಿಸಿ, ಶಿಕ್ಷೆ ಹೆಚ್ಚಾಗದಂಥ ಸಣ್ಣಪುಟ್ಟ ಆರೋಪಗಳನ್ನು ಹಂಚಿಕೊಂಡೆವು. ಶ್ರೀಕಂಠಯ್ಯ ಇವತ್ತು ಬಾಳೆಹಣ್ಣು ತಿಂದರು ಎಂದು ನಾನು ಹೇಳುವುದು, ಕಟ್ಟಿಯವರು ಎರಡನೇ ಸಲ ಚಹಾ ಕುಡಿದರು ಎಂದು ಅವರು ಹೇಳುವುದು. ನನ್ನ ಬಾಳೆಹಣ್ಣು ನಿಂತಿತು, ಅವರ ಚಹಾ ನಿಂತಿತು.

ಮುಂದಿನ ತಪಾಸಣೆಯಲ್ಲಿ ಇಬ್ಬರ ಸಕ್ಕರೆಯೂ ಇಳಿದಿತ್ತು. ಡಾಕ್ಟರ್ ಬಾಯಿ ಕಾಗದ ನೋಡಿ ಖುಷಿಯಾಗಿ, ಇಡೀ ಕಚೇರಿಯ ಮುಂದೆ ನಮ್ಮಿಬ್ಬರನ್ನು ಎಬ್ಬಿಸಿ ನಿಲ್ಲಿಸಿ, ಮನಸ್ಸಿನ ಮೇಲೆ ಹತೋಟಿ ಎಂದರೆ ಹೀಗಿರಬೇಕು ಎಂದು ಹೊಗಳಿದರು. ನಾವು ವಿನಯದಿಂದ ತಲೆ ಬಾಗಿದೆವು. ಇಷ್ಟು ಕಷ್ಟಪಟ್ಟು ಗಳಿಸಿದ ಹೊಗಳಿಕೆಯನ್ನು ಬೇಡವೆನ್ನಲು ಮನಸ್ಸಾಗಲಿಲ್ಲ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಕೊಡಿ ಎಂದು ಕೇಳಿದ್ದರು. ಬರೆದು ಮುಗಿಸುವ ಹೊತ್ತಿಗೆ ಒಂದು ಸುದ್ದಿ ಬಂತು. ಶ್ರೀಕಂಠಯ್ಯನವರೂ ಅದೇ ಸಂಚಿಕೆಗೆ ಲೇಖನ ಬರೆಯುತ್ತಿದ್ದಾರಂತೆ. ಅದರಲ್ಲಿ ನನ್ನ ಹೆಸರು ಹಿಡಿದು, ನಾನು ಕದ್ದು ತಿಂದದ್ದು, ನನ್ನ ಹೆಂಡತಿ ನನ್ನನ್ನು ಹಿಡಿದದ್ದು, ಎಲ್ಲವನ್ನೂ ಬಣ್ಣ ಕಟ್ಟಿ ಬರೆದಿದ್ದಾರಂತೆ. ಕೇಳಿ ನನಗೆ ಬಹಳ ಬೇಸರವಾಯಿತು. ಒಬ್ಬ ಸ್ನೇಹಿತನ ಮನೆಯೊಳಗಿನ ಮಾತನ್ನು ಹೀಗೆ ಅಚ್ಚು ಹಾಕಿಸಿ ಊರಿಗೆಲ್ಲ ಹಂಚುವವರೂ ಇರುತ್ತಾರಲ್ಲ! ಎಂಥ ಮನುಷ್ಯರೋ ಏನೋ.